ಲಾಸ್ಟ್ ನೇಮ್ ಕಡ್ಡಾಯ

ನಾನು ಬರೆದ ಒಂದು ಕೋಡಿನ ವಿಷಯ ಮೊದಲು ಹೇಳಿಬಿಡ್ತೀನಿ. ಏಳೆಂಟು ವರ್ಷದ ಹಿಂದೆ ಆಫೀಸಿನ ಒಳಗಿನ ಬಳಕೆಗೆ ಅಂತ ಒಂದು ಪೋರ್ಟಲ್ ಮಾಡಿದ್ವಿ. ರಜೆ ಹಾಕೋದು, ಐಡಿ ಕಾರ್ಡ್ ಪ್ರಿಂಟ್ ತೆಗೆಯೋದು, ಕ್ಯಾಬ್ ಬುಕ್ ಮಾಡೋದು, ಎಲ್ಲ ಅದರಲ್ಲೇ. ಮೊದಲ ಪುಟದಲ್ಲಿ ಎರಡು ಚೌಕ: ಫಸ್ಟ್ ನೇಮ್, ಲಾಸ್ಟ್ ನೇಮ್. ಎರಡರ ಪಕ್ಕದಲ್ಲೂ ಕೆಂಪು ನಕ್ಷತ್ರ, ಅಂದ್ರೆ ತುಂಬದೆ ಮುಂದಕ್ಕೆ ಹೋಗೋ ಹಾಗಿಲ್ಲ. ಆ ನಕ್ಷತ್ರ ಹಾಕಿದವನು ನಾನೇ. ತಮಾಷೆ ಅಂದ್ರೆ ನನಗೇ ಲಾಸ್ಟ್ ನೇಮ್ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನನ್ನ ಹೆಸರು. ಆ ಎರಡಕ್ಷರವನ್ನೇ ಎರಡನೇ ಚೌಕಕ್ಕೆ ತುರುಕಿ ಮುಂದಕ್ಕೆ ಹೋದೆ. ಹಳೇ ಮೈಸೂರು ಕಡೆಯ ಬಹಳ ಜನ ಹಂಗೇ ಮಾಡೋದು, ಯಾರೂ ಕೇಳಲಿಲ್ಲ.

ಆಮೇಲೆ ನಮ್ಮ ಟೀಮಿಗೆ ಮಣಿಪುರದವನೊಬ್ಬ ಸೇರಿದ. ಮೈತೇಯಿ. ಅವನ ದಾಖಲೆಯಲ್ಲಿ ಮೂರು ಪದದ ಹೆಸರಿತ್ತು. ಪೋರ್ಟಲ್ ತನ್ನ ಬುದ್ಧಿಯಂತೆ ಮೊದಲ ಪದವನ್ನ ಫಸ್ಟ್ ನೇಮ್ ಅಂದುಕೊಂಡು ಐಡಿ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿತು. ಮೂರು ವರ್ಷ ನಾವೆಲ್ಲ ಅವನನ್ನ ಅದೇ ಪದದಿಂದ ಕರೆದ್ವಿ. ಆ ಪದ ಯಾವುದು ಅಂತ ಇಲ್ಲಿ ಬರೆಯಲ್ಲ, ಕಾರಣ ಮುಂದೆ ಗೊತ್ತಾಗುತ್ತೆ.

ಒಂದ್ಸಲ ಅವನ ಅಪ್ಪ ಅಮ್ಮ ಬೆಂಗಳೂರಿಗೆ ಬಂದಿದ್ರು. ಊಟಕ್ಕೆ ಕರೆದಿದ್ದ. ಬಾಗಿಲಲ್ಲಿ ಶೂ ಬಿಚ್ಚುತ್ತಾ ಅಭ್ಯಾಸಬಲದಲ್ಲಿ ಆ ಹೆಸರು ಹಿಡಿದು ಕೂಗಿದೆ. ಸೋಫಾ ಮೇಲೆ ಕೂತಿದ್ದ ಅವರಪ್ಪ ಎದ್ದು ನಿಂತು "ಹಾಂ?" ಅಂದ್ರು. ನಾನು ಕೂಗಿದ್ದು ಅವರ ಹೆಸರನ್ನೂ ಆಗಿತ್ತು. ಅದು ಅವರ ಮನೆಯ ಹೆಸರು. ನಮ್ಮೂರಲ್ಲಿ ಯಾರನ್ನಾದ್ರೂ ಮೂರು ವರ್ಷ "ಏ ದೊಡ್ಮನೆ, ಟೀಗೆ ಬರ್ತೀಯಾ" ಅಂತ ಕರೆದಂಗೆ. ಯಾಕೋ ಇಷ್ಟು ದಿನ ಹೇಳಲಿಲ್ಲ ಅಂದ್ರೆ, "ಅದೂ ನಾನೇ ತಾನೇ" ಅಂದ. ಅವನ ತಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗ್ತಾನೇ ಇದ್ರು.

ಅವತ್ತಿಂದ ನನಗೆ ಈ ಹೆಸರುಗಳ ಹುಚ್ಚು ಹಿಡೀತು.

ಮೈತೇಯಿಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ಅದಕ್ಕೆ ಯುಮ್ನಾಕ್ ಅಂತಾರೆ. ಯುಮ್ ಅಂದ್ರೆ ಮನೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಭಾರ ಎತ್ತಿ ಬೆಳ್ಳಿ ಗೆದ್ದ ಸೈಖೋಮ್ ಮೀರಾಬಾಯಿ ಚಾನು ಗೊತ್ತಲ್ಲ. ಅದರಲ್ಲಿ ಸೈಖೋಮ್ ಮನೆತನ, ಮೀರಾಬಾಯಿ ಅವರ ಹೆಸರು, ಚಾನು ಅನ್ನೋದು ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಸೇರಿಸುವ ಪದ. ನಮ್ಮ ಪತ್ರಿಕೆಗಳು ಅವತ್ತು 'ಚಾನುಗೆ ಬೆಳ್ಳಿ' ಅಂತ ಬರೆದಾಗ ಹೆಚ್ಚುಕಮ್ಮಿ 'ಕುಮಾರಿಗೆ ಬೆಳ್ಳಿ' ಅಂತ ಬರೆದಂಗಾಯ್ತು. ನನ್ನ ಪೋರ್ಟಲ್ ಒಂದೇ ಅಲ್ಲ ಪೆದ್ದು, ಅಂತ ಸ್ವಲ್ಪ ಸಮಾಧಾನ.

ಮದುವೆಯಾದ ಹೆಂಗಸಿನ ಹೆಸರು ಇನ್ನೂ ಚೆನ್ನಾಗಿದೆ. ಹಳೇ ಕ್ರಮದಲ್ಲಿ ಬರೆದ್ರೆ ಹುಟ್ಟಿದ ಮನೆಯ ಯುಮ್ನಾಕ್ ಜತೆ 'ನಿಂಗೋಲ್', ಸೇರಿದ ಮನೆಯ ಯುಮ್ನಾಕ್ ಜತೆ 'ಓಂಗ್ಬಿ', ಆಮೇಲೆ ಅವಳ ಹೆಸರು. ಇಂಥ ಮನೆಯ ಮಗಳು, ಇಂಥ ಮನೆಯ ಹೆಂಡತಿ, ಇಂಥವಳು ಅಂತ. ತವರು ಅಳಿಸಿಹೋಗಲ್ಲ. ದೀಪಾವಳಿ ಆಸುಪಾಸಿನಲ್ಲಿ ಬರುವ ನಿಂಗೋಲ್ ಚಾಕೌಬಾ ಹಬ್ಬಕ್ಕೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಊಟಕ್ಕೆ ಹೋಗ್ತಾರೆ, ಅಣ್ಣತಮ್ಮಂದಿರು ಉಡುಗೊರೆ ಕೊಡ್ತಾರೆ. ಪಂಚಮಿಗೆ ತವರಿಗೆ ಹೋಗುವ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಯುಮ್ನಾಕ್‌ಗಳು ನೂರಾರು. ಅವೆಲ್ಲ ಸೇರಿ ಏಳು ಸಲಾಯ್, ಅಂದ್ರೆ ಏಳು ಕುಲ: ಮಂಗಾಂಗ್, ಲುವಾಂಗ್, ಖುಮಾನ್, ಅಂಗೋಮ್, ಮೊಯ್ರಾಂಗ್, ಖಾ ಙಾನ್ಬಾ, ಸಲಾಯ್ ಲೈಶಾಂಗ್ತೆಮ್. (ನಮ್ಮ ವರ್ಣಮಾಲೆಯ ಙಕಾರಕ್ಕೆ ಕೊನೆಗೂ ಒಂದು ಕೆಲಸ ಸಿಕ್ತು.) ಮಂಗಾಂಗ್‌ಗೆ ನಿಂಗ್ತೌಜಾ ಅಂತಲೂ ಹೆಸರು, ಮಣಿಪುರದ ರಾಜರು ಆ ಕುಲದವರು. ಪ್ರತಿ ಮನೆತನಕ್ಕೂ ಪೀಬಾ ಅಂತ ಒಬ್ಬ ಹಿರಿಯ, ಪೂಜೆಗೆ ಒಬ್ಬ ಮೂಲಪುರುಷ. ಮನೆಯ ನೈಋತ್ಯ ಮೂಲೆಯಲ್ಲಿ ಸನಾಮಹಿ ದೇವರು. ನನ್ನ ಗೆಳೆಯನ ಬಾಡಿಗೆ ಮನೆಯಲ್ಲೂ ಆ ಮೂಲೆ ಖಾಲಿ ಬಿಟ್ಟು ದೇವರಿಟ್ಟಿದ್ದಾನೆ. ವಾಸ್ತು ಪ್ರಕಾರ ಅಲ್ಲಿ ಯಜಮಾನನ ಮಂಚ ಇರಬೇಕು ಅಂತ ಓನರ್ ಆಂಟಿ ಎರಡು ಸಲ ಬಂದು ಹೇಳಿಹೋಗಿದ್ದಾರೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನಾನು ಅವನಿಗೆ ಒಂದು ಬುದ್ಧಿಮಾತು ಹೇಳಿದ್ದೆ. ಈಗ ನೆನೆಸಿಕೊಂಡ್ರೆ ಮುಜುಗರ ಆಗುತ್ತೆ.

ನಮ್ಮಪ್ಪ ನನ್ನನ್ನ ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಹೆಸರಿನ ಕೊನೆಗೆ ಜಾತಿಯ ಬಾಲ ಸೇರಿಸಕ್ಕೆ ಹೋದ್ರಂತೆ. "ಅದೊಂದು ಬ್ಯಾಡಿ ಸಾ, ಬರೀ ಹೆಸ್ರು ಬರ್ಕಳಿ" ಅಂದ್ರಂತೆ ಅಪ್ಪ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ. ಈ ಕಥೆಯನ್ನ ನಾನು ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ, ಮೊದಲ ಕೆಲಸದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೆಮ್ಮೆಯಿಂದ ಹೇಳಿದ್ದೀನಿ. ಮನುಷ್ಯನಿಗೆ ಅವನ ಹೆಸರೊಂದಿದ್ರೆ ಸಾಕು, ಹಿಂದಿನದ್ದೆಲ್ಲ ಭಾರ, ಅನ್ನೋದು ನನ್ನ ವಾದ. ಅವನಿಗೂ ಅದೇ ಹೇಳಿದೆ. "ಈ ಕುಲ ಗಿಲ ಎಲ್ಲ ಯಾಕಿಟ್ಕೊಂಡಿದ್ದೀರೋ, ನಾವು ಬಿಟ್ಟಂಗೆ ಬಿಟ್ಬಿಡಿ."

ಅವನು ಜಗಳಕ್ಕೆ ಬರಲಿಲ್ಲ. "ಬೈಕ್ ಪೂಜೆ ನೆನಪಿದ್ಯಾ?" ಅಂದ.

ಅವನ ಹೊಸ ಬೈಕಿಗೆ ಪೂಜೆ ಮಾಡಿಸಕ್ಕೆ ಇಬ್ಬರೂ ಹೋಗಿದ್ವಿ. ಅರ್ಚಕರು ನನ್ನ ಗೋತ್ರ ಕೇಳಿದ್ರು. ಗೊತ್ತಿಲ್ಲ ಸ್ವಾಮಿ ಅಂದೆ. "ಶಿವಗೋತ್ರ ಅನ್ನೋಣ ಬಿಡಿ" ಅಂದ್ರು. ಅವನನ್ನ ಕೇಳಿದ್ರು. ತಡವರಿಸದೆ "ಶಾಂಡಿಲ್ಯ" ಅಂದ. ಅರ್ಚಕರು ಅವನ ಮುಖವನ್ನ ಎರಡು ಸಲ ನೋಡಿದ್ರು. ನಾನೂ ನೋಡಿದೆ.

ಅದು ಬಂದದ್ದು ಹಿಂಗೆ. 18ನೇ ಶತಮಾನದ ಮೊದಲ ಅರ್ಧದಲ್ಲಿ ಮಣಿಪುರದಲ್ಲಿ ಪಾಮ್ಹೈಬಾ ಅಂತ ರಾಜ ಇದ್ದ. 1709ರಲ್ಲಿ ಪಟ್ಟಕ್ಕೆ ಬಂದವನು, ಗರೀಬ್ ನವಾಜ್ ಅಂತಲೂ ಹೆಸರು. ಸಿಲ್ಹೆಟ್‌ನಿಂದ ಬಂದ ಶಾಂತಿದಾಸ ಗೋಸಾಯಿ ಅನ್ನೋ ಗುರುವಿನ ಮಾತಿನಂತೆ ವೈಷ್ಣವವನ್ನ ರಾಜಧರ್ಮ ಮಾಡಿದ. ಪುಯಾ ಅಂತ ಕರೆಯುವ ಹಳೇ ಗ್ರಂಥಗಳನ್ನ ಗುಡ್ಡೆ ಹಾಕಿ ಸುಡಿಸಿದ. ಮೈತೇಯಿ ಭಾಷೆ ಬರೆಯಲು ಬಂಗಾಳಿ ಲಿಪಿ ಬಂತು. ಗಂಡಸರ ಹೆಸರಿನ ಕೊನೆಗೆ ಸಿಂಗ್, ಹೆಂಗಸರಿಗೆ ದೇವಿ ಸೇರಿಕೊಂಡವು. ಏಳು ಸಲಾಯ್‌ಗಳಿಗೆ ಒಂದೊಂದು ಗೋತ್ರ ಹಂಚಿದ್ರು: ಮಂಗಾಂಗ್‌ಗೆ ಶಾಂಡಿಲ್ಯ, ಲುವಾಂಗ್‌ಗೆ ಕಾಶ್ಯಪ, ಹಿಂಗೆ. ನನಗೆ ಅರ್ಚಕರು ಅರ್ಧ ನಿಮಿಷದಲ್ಲಿ ಒಂದು ಗೋತ್ರ ಕೊಟ್ಟರಲ್ಲ, ಹಂಗೇ ಒಂದಿಡೀ ಜನಾಂಗಕ್ಕೆ ಕೊಟ್ಟಿದ್ದು. "ಹೆಸರು ಬಿಡಿ ಅಂತ ನಮಗೆ ಒಂದ್ಸಲ ಹೇಳಿ ಆಗಿದೆ" ಅಂದ ಅವನು. 1930ರಲ್ಲಿ ಕಛಾರಿನಲ್ಲಿ ನಾವೋರಿಯಾ ಫುಲೋ ಅನ್ನುವವರು ಅಪೊಕ್ಪಾ ಮರುಪ್ ಅಂತ ಸಂಘ ಕಟ್ಟಿ ಹಳೇ ದೇವರು, ಹಳೇ ಪೂಜೆ ಮತ್ತೆ ಬೇಕು ಅಂದ್ರು. ಅಲ್ಲಿಂದ ಬೆಳೆದ ಗಾಳಿಯಲ್ಲಿ ಎಷ್ಟೋ ಜನ ಸಿಂಗ್ ಬಿಟ್ಟು ಮೈತೇಯಿ, ಲುವಾಂಗ್, ಖುಮಾನ್ ಅಂತ ಹಾಕಿಕೊಂಡಿದ್ದಾರೆ.

ಅಲ್ಲಿಗೆ ನನ್ನ ತಲೆ ಕೆಟ್ಟಿತು. ನನ್ನಪ್ಪ ಹೆಸರಿನ ಬಾಲ ಕತ್ತರಿಸಿದ್ದು ಬಿಡುಗಡೆ ಅಂತ. ಅವರು ಕತ್ತರಿಸಿದ್ದನ್ನ ವಾಪಸ್ ಅಂಟಿಸಿಕೊಳ್ಳೋದೂ ಬಿಡುಗಡೆ ಅಂತಲೇ. ಎರಡೂ ಸರಿ ಇರಕ್ಕೆ ಸಾಧ್ಯವಾ?

ಸುಮಾರು ದಿನ ಇದನ್ನ ಹೊತ್ತುಕೊಂಡು ಓಡಾಡಿದೆ. ಮೊದಲು ಹೊಳೆದದ್ದು ಇದು. ಗೆರೆಗಳಲ್ಲಿ ಎರಡು ಥರ ಇವೆ. ಜಾತಿ ಎಳೆಯುವ ಗೆರೆ 'ಇದರಾಚೆ ಹೆಣ್ಣು ತರಬೇಡ' ಅನ್ನುತ್ತೆ. ಸಲಾಯ್ ಎಳೆಯುವ ಗೆರೆ 'ಇದರೊಳಗೆ ತರಬೇಡ' ಅನ್ನುತ್ತೆ. ಒಂದೇ ಸಲಾಯ್‌ನವರು ಮದುವೆಯಾದ್ರೆ ಅದಕ್ಕೆ ಯೆಕ್ ಥೋಕ್ನಬಾ ಅಂತ ಹೆಸರು, ದೊಡ್ಡ ಅಪರಾಧ. ಅಕ್ಕತಂಗಿಯರ ಮಕ್ಕಳ ನಡುವೆಯೂ ಆಗಲ್ಲ. ಅಂದ್ರೆ ಮಂಗಾಂಗ್‌ನವನ ಮನೆಯಲ್ಲಿ ಮಗು ಆಡಬೇಕಾದ್ರೆ ಅವನು ಇನ್ನೊಂದು ಕುಲದವರ ಬಾಗಿಲು ತಟ್ಟಲೇಬೇಕು. ನಮ್ಮಲ್ಲೂ ಬೆಡಗು, ಬಳಿ ಅಂತ ಇದೇ ಥರದ ಗೆರೆ ಇವೆ, ಆದರೆ ಅದರ ಸುತ್ತ ಜಾತಿಯ ದೊಡ್ಡ ಬೇಲಿ ಇರೋದರಿಂದ ಒಳಗಿನ ಗೆರೆ ಕಾಣಲ್ಲ.

ಈ ಏಳು ಕುಲಗಳು ಮೊದಲು ಏಳು ಕುಲಗಳೇ ಆಗಿರಲಿಲ್ಲ ಅನ್ನೋದು ಇನ್ನೂ ದೊಡ್ಡ ವಿಷಯ. ಅವು ಇಂಫಾಲ ಕಣಿವೆಯ ಬೇರೆಬೇರೆ ಪಾಳೆಯಗಳು. ಕಾಂಗ್ಲಾದಲ್ಲಿ ನಿಂಗ್ತೌಜಾ, ಲೋಕ್ತಾಕ್ ಸರೋವರದ ದಡದಲ್ಲಿ ಮೊಯ್ರಾಂಗ್, ಖುಮಾನರದ್ದೇ ಬೇರೆ ದೊರೆತನ. ಶತಮಾನಗಟ್ಟಲೆ ಹೊಡೆದಾಡಿದ್ದಾರೆ. ಕೊನೆಗೆ ನಿಂಗ್ತೌಜಾ ಒಬ್ಬೊಬ್ಬರನ್ನಾಗಿ ನುಂಗಿತು. ಮೈತೇಯಿ ಅನ್ನೋ ಹೆಸರು ಕೂಡ ಮೊದಲು ಅವರೊಬ್ಬರದ್ದೇ ಇತ್ತು, ಆಮೇಲೆ ಎಲ್ಲರಿಗೂ ಹರಡಿತು ಅಂತ ಇತಿಹಾಸ ಬರೆದವರು ಹೇಳ್ತಾರೆ. ಸೋತ ರಾಜ್ಯಗಳು ಬೀಗರ ಮನೆಗಳಾದವು. ಹೊರಗಿನಿಂದ ಬಂದವರಿಗೂ ಹೆಸರು ಸಿಕ್ಕಿತು. 1606ರಲ್ಲಿ ಖಾಗೆಂಬಾ ರಾಜನ ಕಾಲದಲ್ಲಿ ನೆಲೆಸಿದ ಮುಸ್ಲಿಮರಿಗೆ, ಅಂದ್ರೆ ಪಂಗಾಲರಿಗೆ, ಅವರ ಕಸುಬು, ಜಾಗ ನೋಡಿ ಯುಮ್ನಾಕ್ ಕೊಟ್ಟರು. ವಲಸೆ ಬಂದ ಬ್ರಾಹ್ಮಣರು ಗುರುಮಾಯುಮ್, ಅಂದ್ರೆ ಗುರುವಿನ ಮನೆಯವರು, ಅಂಥ ಹೆಸರಾದರು.

ಇದನ್ನೆಲ್ಲ ಒಂದಿನ ಉತ್ಸಾಹದಲ್ಲಿ ಅವನ ಮುಂದೆ ಹೇಳಿದ್ರೆ ಅವನೇ ನಕ್ಕುಬಿಟ್ಟ. "ನೀನು ನಮ್ಮನ್ನ ಬಹಳ ಒಳ್ಳೆಯವರು ಮಾಡ್ತಿದ್ದೀಯ." ಆಮೇಲೆ ಲೋಯ್‌ಗಳ ವಿಷಯ ಹೇಳಿದ. ಆಂಡ್ರೋ, ಸೆಕ್ಮಾಯ್, ಫಯೆಂಗ್ ಥರದ ಹಳ್ಳಿಗಳು. ಮಡಕೆ ಮಾಡೋರು, ಹೆಂಡ ಬಟ್ಟಿ ಇಳಿಸೋರು, ಹಳೇ ದೇವರನ್ನ ಬಿಡದವರು. ಅವರನ್ನ ಕೀಳು ಅಂತ ಹೊರಗಿಟ್ಟಿದ್ದರು. ತಪ್ಪು ಮಾಡಿದವರನ್ನ ಲೋಯ್ ಹಳ್ಳಿಗೆ ಅಟ್ಟೋದೇ ರಾಜರ ಕಾಲದಲ್ಲಿ ಒಂದು ಶಿಕ್ಷೆ. ಅವರಿಗಿಂತ ಕೆಳಗೆ ಯೈತಿಬಿಗಳು. ಇವತ್ತಿಗೂ ಮಣಿಪುರದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಇಬ್ಬರ ಹೆಸರೂ ಇದೆ. 20ನೇ ಶತಮಾನದ ಮೊದಲಲ್ಲಂತೂ ಮಾಂಗ್ಬಾ ಸೆಂಗ್ಬಾ ಅಂತ ಮೈಲಿಗೆ ಮಡಿಯ ಕಾಟ ಶುರುವಾಗಿ, ರಾಜನ ಕಡೆಯವರು ಯಾರನ್ನ ಬೇಕಾದರೂ ಮೈಲಿಗೆ ಅಂತ ಸಾರಿ, ಶುದ್ಧಿ ಮಾಡಿಸಿಕೊಳ್ಳಲು ದುಡ್ಡು ವಸೂಲಿ ಮಾಡೋರು. ಅವನ ಚಿಕ್ಕಪ್ಪನ ಮಗಳೊಬ್ಬಳು ಅದೇ ಸಲಾಯ್‌ನ ಹುಡುಗನ ಜತೆ ಓಡಿಹೋದಳು. ಇಬ್ಬರ ಮನೆತನಕ್ಕೂ ನೆನಪಿಗೆ ಸಿಗುವಷ್ಟು ಹಿಂದೆ ಯಾವ ರಕ್ತಸಂಬಂಧವೂ ಇಲ್ಲ. ಆರು ವರ್ಷ ಅವಳನ್ನ ಯಾರೂ ಹಬ್ಬದೂಟಕ್ಕೆ ಕರೆಯಲಿಲ್ಲ. ಹಳೇದನ್ನ ವಾಪಸ್ ತರೋರು ಎಲ್ಲ ಸಾಧುಗಳೂ ಅಲ್ಲ: 2005ರ ಏಪ್ರಿಲ್‌ನಲ್ಲಿ ಹಳೇ ಲಿಪಿ ಬೇಕೆಂದು ಹೋರಾಡುತ್ತಿದ್ದವರು ಇಂಫಾಲದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೇ ಬೆಂಕಿ ಇಟ್ಟರು. ಗ್ರಂಥ ಸುಟ್ಟರು ಅನ್ನೋ ಸಿಟ್ಟಿಗೆ ಗ್ರಂಥ ಸುಟ್ಟರು.

ಬೆಂಗಳೂರಿನಲ್ಲಿ ಈ ಏಳು ಕುಲ ಯಾರಿಗೂ ಬೇಕಿಲ್ಲ ಅನ್ನೋದು ಬೇರೆ ಮಾತು. ಇಲ್ಲಿ ಇವರಿಗೆಲ್ಲ ಸೇರಿ ಒಂದೇ ಕುಲ, 'ನಾರ್ತ್ ಈಸ್ಟ್'. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ಸಿನ ಗಾಳಿಸುದ್ದಿಗೆ ಹೆದರಿ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲು ಹತ್ತಿದರಲ್ಲ, ಅವತ್ತು ಯಾರೂ ಯಾರ ಯುಮ್ನಾಕ್ ಕೇಳಿರಲಿಲ್ಲ. ಮುಖ ಸಾಕಾಗಿತ್ತು.

ಆಮೇಲೆ 2023ರ ಮೇ 3 ಬಂತು.

ಅವನ ಅಪ್ಪ ಅಮ್ಮ ಇದ್ದದ್ದು ಚುರಾಚಂದ್‌ಪುರದಲ್ಲಿ. ತಾತನ ಕಾಲದಿಂದ ಅಲ್ಲೇ ಅಂಗಡಿ. ಆ ಊರಿಗೆ ಹೆಸರು ಬಂದದ್ದು ಚುರಾಚಂದ್ ಸಿಂಗ್ ಅನ್ನೋ ಮೈತೇಯಿ ರಾಜನಿಂದ. ಅಲ್ಲಿ ಹೆಚ್ಚಾಗಿರುವ ಕುಕಿ ಜನ ಅದನ್ನ ಲಾಮ್ಕಾ ಅಂತಾರೆ. ಗಲಭೆ ಶುರುವಾದ ರಾತ್ರಿ ಉಟ್ಟ ಬಟ್ಟೆಯಲ್ಲಿ ಹೊರಟವರು. ಮನೆ ಸುಟ್ಟುಹೋಯಿತು. ಅದೇ ದಿನಗಳಲ್ಲಿ ಇಂಫಾಲದಲ್ಲಿ ಕುಕಿಗಳ ಮನೆಗಳೂ ಸುಟ್ಟವು. ಇದನ್ನ ನಾನು ಲೆಕ್ಕ ಸರಿದೂಗಿಸಕ್ಕೆ ಬರೀತಿಲ್ಲ. ಅವನೇ ಮೊದಲು ಹೇಳಿದ್ದು, ನಮ್ಮದೇ ಆಫೀಸಿನ ಇನ್ನೊಂದು ಮಹಡಿಯಲ್ಲಿ ಒಬ್ಬ ಕುಕಿ ಹುಡುಗಿ ಇದ್ದಾಳೆ, ಅವಳ ಅಣ್ಣನ ಮನೆ ಇಂಫಾಲದಲ್ಲಿ ಹೋಯ್ತು ಅಂತ. 200ಕ್ಕೂ ಹೆಚ್ಚು ಜನ ಸತ್ತರು. ಸುಮಾರು 60,000 ಜನ ಮನೆಮಠ ಬಿಟ್ಟರು. ಕಣಿವೆಗೂ ಬೆಟ್ಟಕ್ಕೂ ನಡುವೆ ತನಿಖೆಯ ಗೇಟುಗಳು ಎದ್ದವು. ಅಲ್ಲಿ ಗುರುತಿನ ಚೀಟಿ ತೋರಿಸಬೇಕು. ಚೀಟಿಯಲ್ಲಿ ಹೆಸರಿನ ಮೊದಲ ಪದ ಯುಮ್ನಾಕ್ ಆಗಿದ್ರೆ ಒಂದು ಕಡೆ ಅಪಾಯ. ಕೊನೆಯ ಪದ ಹಾವೋಕಿಪ್, ಕಿಪ್ಗೆನ್ ಅಂತಿದ್ರೆ ಇನ್ನೊಂದು ಕಡೆ. ಕುಕಿಗಳಲ್ಲಿ ಕುಲದ ಹೆಸರು ಕೊನೆಗೆ ಬರುತ್ತೆ. ನನ್ನ ಪೋರ್ಟಲ್ಲಿಗೆ ಅವರು ಸರಿಯಾಗಿ ಹೊಂದುತ್ತಾರೆ, ಮೈತೇಯಿಗಳು ಹೊಂದಲ್ಲ. ಅವರಲ್ಲಿ ಸೋದರಮಾವನ ಮಗಳನ್ನ ತರೋದು ಒಳ್ಳೇದು ಅಂತಾರೆ, ಥೇಟ್ ನಮ್ಮೂರಿನಂಗೆ. ನಾನು ಅಷ್ಟು ಮೆಚ್ಚಿಕೊಂಡ ಬೇರೆ ಕುಲದ ಬಾಗಿಲು ತಟ್ಟುವ ಪದ್ಧತಿ ಇಬ್ಬರ ನಡುವಿನ ಗೆರೆ ದಾಟಲು ಉಪಯೋಗಕ್ಕೆ ಬರಲಿಲ್ಲ.

ಅವನ ಅಪ್ಪ ಅಮ್ಮ ಮೊಯ್ರಾಂಗ್ ಹತ್ತಿರದ ಒಂದು ಶಿಬಿರದಲ್ಲಿ ತಿಂಗಳುಗಟ್ಟಲೆ ಇದ್ದರು. ಮೊಯ್ರಾಂಗ್ ಅಂದ್ರೆ ಖಂಬಾ ಥೋಯ್ಬಿ ಕಥೆಯ ಊರು. ಖುಮಾನ್ ಕುಲದ ತಬ್ಬಲಿ ಹುಡುಗ, ಮೊಯ್ರಾಂಗ್ ಕುಲದ ರಾಜಕುಮಾರಿ. ಎಷ್ಟೋ ಕಷ್ಟ ದಾಟಿ ಮದುವೆಯಾದವರು. ಕೊನೆಗೆ ಒಂದು ರಾತ್ರಿ ಖಂಬಾ ಹೆಂಡತಿಯನ್ನ ಪರೀಕ್ಷೆ ಮಾಡಲು ತಾನು ಯಾರು ಅಂತ ಹೇಳದೆ ಹೊರಗಿನಿಂದ ಗೋಡೆ ಸಂದಿಗೆ ಕೋಲು ತೂರಿಸ್ತಾನೆ. ಅವಳು ಯಾರೋ ಅಂದುಕೊಂಡು ಭರ್ಜಿ ಎಸೀತಾಳೆ. ಹೆಸರು ಹೇಳದೆ ಸತ್ತ. ಅವನಮ್ಮ ಫೋನಿನಲ್ಲಿ ಆ ಕಥೆ ನೆನೆಸಿಕೊಂಡು, ಈಗ ಹೆಸರು ಹೇಳಿದ್ರೆ ಸಾಯ್ತಾರೆ ಅಂದ್ರಂತೆ.

ಅವನಿಗೆ ಈಗ ಯುಮ್ನಾಕ್ ಇದೆ, ಯುಮ್ ಇಲ್ಲ.

ಆ ದಿನಗಳಲ್ಲಿ ನಾನು ಮತ್ತೆ ಅದೇ ಮಾತಾಡಿದೆ, ಈ ಸಲ ಬುದ್ಧಿ ಹೇಳಕ್ಕಲ್ಲ, ಭಯಕ್ಕೆ. ಸ್ವಲ್ಪ ದಿನ ಆ ಮೊದಲ ಪದ ತೆಗೆದುಬಿಡು, ಫೇಸ್‌ಬುಕ್ಕಿನಲ್ಲಾದರೂ. ಅವನು ಒಪ್ಪಲಿಲ್ಲ. ಅವನ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಇಂಫಾಲದಲ್ಲಿ ಸುಟ್ಟ ಮನೆಯೊಂದರ ವಿಡಿಯೋ ಹಾಕಿ ಬೆನ್ನು ತಟ್ಟಿಕೊಂಡಿದ್ದರಂತೆ. ಅವನು ಅಲ್ಲಿ ತಪ್ಪು ಅಂತ ಬರೆದು ಬೈಸಿಕೊಂಡಿದ್ದ. "ನಾನು ಆ ಹೆಸರಿನಲ್ಲಿ ಇರೋದಕ್ಕೆ ತಾನೇ ಅವರಿಗೆ ಹೇಳಕ್ಕಾಗಿದ್ದು. ಹೆಸರು ಬಿಟ್ಟಿದ್ರೆ ನಾನ್ಯಾರು ಹೇಳಕ್ಕೆ?" ಅಂದ. ಮಹಡಿ ಹತ್ತಿ ಆ ಕುಕಿ ಹುಡುಗಿಯ ಹತ್ರ ಹೋಗಿ ಏನೋ ಮಾತಾಡಿ ಬಂದ. ಏನು ಅಂತ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವತ್ತು ರಾತ್ರಿ ನನಗೆ ನಮ್ಮೂರ ಬಾವಿ ನೆನಪಾಯಿತು. ನಮ್ಮ ಮೂರೆಕರೆ ತೋಟದ ಮೂಲೆಯಲ್ಲಿರುವ ಬಾವಿ. ನಾನು ಚಿಕ್ಕವನಿದ್ದಾಗ ಕೇರಿಯ ಹೆಂಗಸರು ಅದರ ಹತ್ರ ಬಂದು, ದೂರದಲ್ಲಿ ಕೊಡ ಇಟ್ಟು, ನಮ್ಮಜ್ಜಿ ಸೇದಿ ಹುಯ್ಯುವ ತನಕ ಕಾಯ್ತಾ ನಿಲ್ಲೋರು. ಹೆಸರಿನ ಬಾಲ ನಮ್ಮಪ್ಪ ಬಿಡಿಸಿದರು ನಿಜ. ಬಾವಿ, ತೋಟ ನನ್ನ ಹೆಸರಿಗೇ ಇದೆ. ಇಂಜಿನಿಯರಿಂಗ್ ಫೀಸು ಅದೇ ತೋಟದ ತೆಂಗಿನಕಾಯಿಯಿಂದ ಬಂದದ್ದು. ಯಾರಾದ್ರೂ ಆ ವಿಷಯ ಎತ್ತಿದ್ರೆ ನನ್ನ ಹತ್ರ ಚೊಕ್ಕ ಉತ್ತರ ಇತ್ತು: ನಾನು ಜಾತಿ ನಂಬಲ್ಲ, ನನ್ನ ಹೆಸರು ನೋಡಿ, ಅದರಲ್ಲಿ ಏನೂ ಇಲ್ಲ. ಆಸ್ತಿಗೆ ವಾರಸುದಾರ, ಉತ್ತರ ಕೊಡಬೇಕಾದಾಗ ಅನಾಮಿಕ. ಅಪ್ಪ ಮಾಡಿದ್ದು ತಪ್ಪು ಅಂತ ಈಗಲೂ ಅನ್ನಿಸಲ್ಲ. ಅವರು ಶುರು ಮಾಡಿದ್ದನ್ನ ನಾನು ಮುಗಿದಿದೆ ಅಂದುಕೊಂಡಿದ್ದೆ.

ಹೋದ ವರ್ಷ ಅವನಿಗೆ ಮಗಳು ಹುಟ್ಟಿದಳು, ಬೆಂಗಳೂರಿನಲ್ಲೇ. ಹೆಂಡತಿ ಲುವಾಂಗ್ ಕುಲದವಳು. ಹೆಸರು ನೋಂದಾಯಿಸುವ ಹಿಂದಿನ ದಿನ ಕ್ಯಾಂಟೀನಿನಲ್ಲಿ ಕೂತು ಅವನೇ ನನ್ನ ಕೇಳಿದ, ಯುಮ್ನಾಕ್ ಹಾಕಲಾ ಬೇಡವಾ ಅಂತ. ಮುಂದೊಂದು ದಿನ ಅವಳು ಆ ದಾರಿಯಲ್ಲಿ ಹೋಗಬೇಕಾಗಿ ಬಂದು, ಗೇಟಿನಲ್ಲಿ ಯಾರೋ ಬ್ಯಾಟರಿ ಬಿಟ್ಟು ಚೀಟಿ ಓದಿದ್ರೆ? ಎರಡು ಸಲ ಕೇಳದೇ ಇದ್ದಾಗ ಸಲಹೆ ಕೊಟ್ಟಿದ್ದ ನನಗೆ, ಕೇಳಿದಾಗ ಬಾಯಿ ಬರಲಿಲ್ಲ. ಇಬ್ಬರೂ ಟೀ ಆರೋ ತನಕ ಕೂತಿದ್ವಿ.

ಮಾರನೇ ದಿನ ಕನ್ನಡ ಮಾತಾಡಕ್ಕೆ ಅಂತ ನನ್ನನ್ನೂ ಕರ್ಕೊಂಡು ಹೋದ. ಅರ್ಜಿಯಲ್ಲಿ ನಿಧಾನಕ್ಕೆ ಮೊದಲು ಯುಮ್ನಾಕ್, ಆಮೇಲೆ ಮಗಳ ಹೆಸರು, ಆಮೇಲೆ ಚಾನು ಅಂತ ಬರೆದ. ಒಂದೊಂದಕ್ಷರವನ್ನೂ ಎರಡು ಸಲ ತಿದ್ದಿದ. ಕೌಂಟರಿನ ಮೇಡಮ್ ಅರ್ಜಿಯನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕಡೆ ಮುಖ ಮಾಡಿ ಕೇಳಿದ್ರು.

"ಇನಿಷಿಯಲ್ಲು ಎಲ್ಲಿ ಸಾರ್?"

ನಾನು ಅವನ ಮುಖ ನೋಡಿದೆ. ಪೋರ್ಟಲ್ಲಿನ ಆ ಕೆಂಪು ನಕ್ಷತ್ರವನ್ನ ಅವತ್ತು ಮಧ್ಯಾಹ್ನ ಆಫೀಸಿಗೆ ವಾಪಸ್ ಹೋದ ಮೇಲೆ ತೆಗೆದೆ. ಈಗ ಒಂದೇ ಉದ್ದ ಚೌಕ ಇದೆ, ಪೂರ್ತಿ ಹೆಸರು ಅಂತ.